ಕೊಕ್ಕೆ ಬಿಟ್ಟು ಓದಿದ್ದು

ಹದಿನಾರು ಪುಟಕ್ಕೆ ಒಂದೇ ಒಂದು ಟಕ್ ಕೂಡ ಇರಲಿಲ್ಲ ಎಂಬುದು ಅವನಿಗೆ ಹೊಳೆದದ್ದು ಚಹಾದ ಲೋಟ ತುಟಿಗೆ ತಾಗಿದಾಗ. ಹೊಳೆದ ಮೇಲೂ ಎರಡು ಗುಟುಕು ಕುಡಿದ. ಬೆಳಗಿನ ಬಸ್ಸಿನಲ್ಲಿ ಕೇಳಿದ್ದ ಆಳೆತ್ತರದ ಪಿಟೀಲು ತಲೆಯೊಳಗೆ ಇನ್ನೂ ನುಡಿಯುತ್ತಿತ್ತು, ಅದು ಮುಗಿಯುವ ಮುಂಚೆ ಹೆದರಿಕೊಳ್ಳುವುದು ಆ ಪಿಟೀಲಿನವನಿಗೆ ಮರ್ಯಾದೆಯಲ್ಲ ಎನ್ನಿಸಿತ್ತು. ಅಷ್ಟರಲ್ಲಿ ನೆಲದಡಿಯಿಂದ ಮೆಷಿನ್ನು ಧಡಕ್ ಎಂದಿತು. ಚಹಾದ ಮೇಲೆ ಸಣ್ಣ ಸಣ್ಣ ಉಂಗುರಗಳೆದ್ದವು. ಮೂರನೆಯ ಧಡಕ್ಕಿನ ಮೇಲೆ ಪಿಟೀಲಿನ ಸ್ವರ ಸರಿಯಾಗಿ ಬಂದು ಕೂತಾಗ, ಅರೆ, ತಾಳ ಸಿಕ್ಕಿತಲ್ಲ ಎಂದು ಖುಷಿಪಟ್ಟ. ಬೆಳಿಗ್ಗೆ ತಾನೂ ಕಣ್ಣಕ್ಕನೂ ಓದಿ ಕಳಿಸಿದ ಹದಿನಾರು ಪುಟದ ಫಾರಮ್ಮೇ ಈಗ ಕೆಳಗೆ ಅಚ್ಚಾಗುತ್ತಿದೆ ಎಂದು ನಾಲ್ಕನೆಯದಕ್ಕೆ ಗೊತ್ತಾಯಿತು.

ಅದು ಕೋರ್ಟಿನ ತೀರ್ಪುಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕುವ ಪ್ರೆಸ್ಸು. ಒಂದಕ್ಷರ ಆಚೀಚೆ ಆದರೂ ಯಾರದೋ ಮನೆ ಇನ್ಯಾರದೋ ಆಗಿಬಿಡಬಹುದಾದ್ದರಿಂದ ಅಲ್ಲಿ ಪ್ರೂಫ್ ನೋಡುವುದು ಒಬ್ಬರ ಕೆಲಸವಲ್ಲ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತವರು ಅಚ್ಚಿನ ಹಾಳೆಯ ಮೇಲೆ ಕಣ್ಣಾಡಿಸುತ್ತ ಕೇಳಬೇಕು. ಓದುವವರು ಬಾಯಿ, ನೋಡುವವರು ಕಣ್ಣು. ಬಾಯಿ ಏನನ್ನೂ ಬಿಡುವಂತಿಲ್ಲ. ಅಲ್ಪವಿರಾಮ ಬಂದರೆ ಕೊಕ್ಕೆ, ವಾಕ್ಯ ಮುಗಿದರೆ ಚುಕ್ಕೆ, ಕಂಸ ಬಂದರೆ ಬಾಗಿಲು ತೆರೆ, ಬಾಗಿಲು ಮುಚ್ಚು, ದಪ್ಪಕ್ಷರ ಬಂದರೆ ದಪ್ಪ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ತಪ್ಪು ಕಂಡಲ್ಲಿ ಕಣ್ಣು ಪೆನ್ಸಿಲಿನಿಂದ ಮೇಜನ್ನು ಟಕ್ ಎಂದು ಕುಟ್ಟುತ್ತದೆ, ಬಾಯಿ ನಿಲ್ಲುತ್ತದೆ, ತಿದ್ದಿದ ಮೇಲೆ ಮತ್ತೆ ಹೊರಡುತ್ತದೆ. ಕೊನೆಗೆ ಕಣ್ಣು ಸಹಿ ಹಾಕುತ್ತದೆ. ಬಾಯಿಗೆ ಸಹಿ ಇಲ್ಲ. ಹತ್ತೊಂಬತ್ತು ವರ್ಷದಿಂದ ಅವನು ಬಾಯಿ, ಪ್ರೆಸ್ಸಿಗೆಲ್ಲ ಬಾಯಣ್ಣ. ಎದುರಿಗೆ ಕೂರುವ ಕಣ್ಣಕ್ಕ ಮೂವತ್ತೊಂದು ವರ್ಷದಿಂದ ಕಣ್ಣು. ಇನ್ನು ಇಪ್ಪತ್ತೆರಡು ದಿನಕ್ಕೆ ಅವಳ ನಿವೃತ್ತಿ. ಅವಳು ಸಹಿ ಹಾಕಿದ ಯಾವ ಸಂಪುಟಕ್ಕೂ ಇವತ್ತಿನವರೆಗೆ ತಪ್ಪೊಪ್ಪಿನ ಚೀಟಿ ಅಂಟಿಸಬೇಕಾಗಿ ಬಂದಿಲ್ಲ. ಬೇರೆಯವರ ಸಂಪುಟಗಳ ಕೊನೆಯಲ್ಲಿ ಆ ಗುಲಾಬಿ ಬಣ್ಣದ ಚೀಟಿ, ಇಂತಿಂಥ ಪುಟದಲ್ಲಿ ಇಂತಿಂಥ ತಪ್ಪು, ಕೆಳಗೆ ಕಣ್ಣಿನ ಹೆಸರು, ಚಡ್ಡಿಯ ಹಿಂಭಾಗದ ತೇಪೆಯ ಹಾಗೆ ಎಲ್ಲರಿಗೂ ಕಾಣುತ್ತಿರುತ್ತದೆ. ಕಣ್ಣಕ್ಕನ ಸಂಪುಟಗಳಲ್ಲಿ ಕೊನೆಯ ಪುಟ ಖಾಲಿ. ಅವಳು ಆ ಖಾಲಿ ಪುಟವನ್ನು ಒಮ್ಮೊಮ್ಮೆ ಸುಮ್ಮನೆ ತೆರೆದು ನೋಡುವುದನ್ನು ಅವನು ಕಂಡಿದ್ದಾನೆ.

ಇವತ್ತು ಬೆಳಿಗ್ಗೆ ಹದಿನಾರು ಪುಟ. ಯಾವ ಫಾರಮ್ಮಿನಲ್ಲೂ ಇಪ್ಪತ್ತು ಮೂವತ್ತು ಟಕ್ ಇದ್ದದ್ದೇ. ಅಕ್ಷರ ಜೋಡಿಸುವವರು ದೇವತೆಗಳೇನಲ್ಲ. ಇವತ್ತು ಸೊನ್ನೆ ಎಂದರೆ ಫಾರಮ್ಮಿನಲ್ಲಿ ತಪ್ಪೇ ಇರಲಿಲ್ಲ ಅಂತಲ್ಲ, ಯಾರೂ ನೋಡಲಿಲ್ಲ ಅಂತ. ನೋಡಲಿಲ್ಲ ಯಾಕೆಂದರೆ ಬಾಯಿ ಒಂದೂ ಕೊಕ್ಕೆ ಹೇಳಲಿಲ್ಲ, ಒಂದೂ ಚುಕ್ಕೆ ಹೇಳಲಿಲ್ಲ. ಬಾಯಿ ಕಥೆ ಹೇಳಿತು.

ಅದಕ್ಕೆ ಲೈಬ್ರರಿಯೇ ಕಾರಣ ಎನ್ನಬಹುದು, ಆದರೆ ಲೈಬ್ರರಿಗೆ ಅವನನ್ನು ಕಳಿಸಿದ್ದು ಪ್ರೆಸ್ಸೇ. ಮೂರು ವಾರದ ಹಿಂದೆ ಹಳೆಯ ಅಳತೆಯೊಂದರ ಹೆಸರು ಸರಿಯೋ ತಪ್ಪೋ ಎಂಬ ವಿಷಯಕ್ಕೆ ಪ್ರೆಸ್ಸಿನ ನಿಘಂಟು ತೆರೆದರೆ ಆ ಪುಟವನ್ನೇ ಇಲಿ ಓದಿ ಮುಗಿಸಿತ್ತು. ಲೈಬ್ರರಿಯ ದೊಡ್ಡ ನಿಘಂಟು ನೋಡಿ ಬಾ ಎಂದರು. ಅಲ್ಲಿ ಕೌಂಟರಿನ ಹಿಂದೆ ಕೂತಿದ್ದ ಮೇಡಂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಎದುರಿಗೆ ಯಾರೂ ಇಲ್ಲದೆ, ಭುಜ ಕುಣಿಸಿಕೊಂಡು ನಗುತ್ತಿದ್ದರು. ಅವನು ಕೆಮ್ಮಿದ. ಅವರು ಒಂದು ಕೈ ಎತ್ತಿ, ತಡೀರಿ, ಕಳ್ಳ ಈಗ ಬೀರುವಿನೊಳಗಿದ್ದಾನೆ ಎಂದು ಅರ್ಧ ನಿಮಿಷ ಅವನನ್ನು ನಿಲ್ಲಿಸಿದರು. ಯಾವ ಬೀರು, ಯಾವ ಕಳ್ಳ ಎಂದು ಕೇಳಿದ್ದೇ ತಪ್ಪಾಯಿತೋ ಪುಣ್ಯವಾಯಿತೋ. ಪುಸ್ತಕಗಳನ್ನು ದನಿಯಲ್ಲೂ ಕೊಡುತ್ತೇವೆ, ಒಬ್ಬರು ಓದಿರುತ್ತಾರೆ, ನೀವು ಕೇಳುವುದು, ನಿಮ್ಮ ಕಾರ್ಡಿಗೆ ಒಂದು ಸಲಕ್ಕೆ ಆರು, ಮೂರು ವಾರ ಆದ ಮೇಲೆ ತಾವಾಗಿಯೇ ಫೋನಿನಿಂದ ಎದ್ದು ಹೋಗುತ್ತವೆ, ಸಂಗೀತವೂ ಹಾಗೇ, ಎಂದರು. ಅವನಿಗೆ ನಗು ಬಂತು. ಒಬ್ಬರು ಓದುವುದು ಒಬ್ಬರು ಕೇಳುವುದು ಎಂದರೆ ತಾನು ಹತ್ತೊಂಬತ್ತು ವರ್ಷದಿಂದ ಮಾಡುತ್ತ ಬಂದದ್ದೇ, ಅದನ್ನು ಯಾರಾದರೂ ಮನೆಗೆ ಎರವಲು ಒಯ್ಯುತ್ತಾರೆಯೇ? ಆದರೂ ಒಂದನ್ನು ಫೋನಿಗೆ ಹಾಕಿಸಿಕೊಂಡ. ಗಡಿಯಾರ ರಿಪೇರಿಯ ಅಂಗಡಿ ಇಟ್ಟ ಹೆಂಗಸೊಬ್ಬಳ ಕಾದಂಬರಿ. ಅಳತೆಯ ಹೆಸರನ್ನು ನೋಡುವುದು ಮರೆತೇಹೋಗಿ ಮರುದಿನ ಮತ್ತೆ ಬರಬೇಕಾಯಿತು.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಕಿವಿಗೆ ಹಾಕಿಕೊಂಡ. ಯಾರೋ ವಯಸ್ಸಾದ ಹೆಂಗಸಿನ ದನಿ, ಗಂಟಲಿನಲ್ಲಿ ಸ್ವಲ್ಪ ಮರಳು. ಮೊದಲ ವಾಕ್ಯ ಮುಗಿಯಿತು. ಅವನು ಚುಕ್ಕೆಗಾಗಿ ಕಾದ. ಬರಲಿಲ್ಲ. ಎರಡನೆಯದರ ನಡುವೆ ಕೊಕ್ಕೆ ಇರಲೇಬೇಕಾದ ಜಾಗ, ಅಲ್ಲಿ ಆಕೆ ಕೊಕ್ಕೆ ಎನ್ನಲಿಲ್ಲ, ಉಸಿರು ತೆಗೆದುಕೊಂಡಳು. ಅಷ್ಟೇ. ಉಸಿರು ತೆಗೆದುಕೊಂಡು, ಗಡಿಯಾರದ ಹಿಂಬದಿಯ ಮುಚ್ಚಳ ತೆಗೆದಂತೆ ಮೆಲ್ಲಗೆ ಮುಂದಿನ ಮಾತನ್ನು ತೆಗೆದಳು. ಆ ಉಸಿರಿನಲ್ಲಿ ಗಡಿಯಾರದವಳಿಗೆ ಹೇಳಲು ಇಷ್ಟವಿಲ್ಲದ್ದೇನೋ ಇದೆ ಎಂದು ಅವನಿಗೆ ಗೊತ್ತಾಗಿಬಿಟ್ಟಿತು. ಕೊಕ್ಕೆಯ ಒಳಗೆ ಇಷ್ಟೆಲ್ಲ ಇತ್ತೇ? ಲಕ್ಷಗಟ್ಟಲೆ ಕೊಕ್ಕೆಗಳನ್ನು ಬಾಯಿಯಿಂದ ಉಗುಳಿದವನು ಅವನು, ಒಂದರ ಒಳಗೂ ಇಣುಕಿ ನೋಡಿದವನಲ್ಲ. ಅವನ ಬಸ್ಸು ಬಂದು ಹೋಯಿತು, ಮತ್ತೊಂದು ಬಂದು ಹೋಯಿತು. ಮೂರನೆಯದರ ಕಂಡಕ್ಟರು ಬಾಗಿಲಲ್ಲಿ ನಿಂತು, ಬರ್ತೀರೋ ಇಲ್ಲಾ ಇಲ್ಲೇ ಸಂಸಾರ ಹೂಡ್ತೀರೋ ಎಂದು ಕೇಳಿದ್ದಕ್ಕೆ ಹತ್ತಿದ.

ಆಮೇಲೆ ಹಿಡಿಯುವವರಿರಲಿಲ್ಲ. ಆರಕ್ಕೆ ಆರೂ ತುಂಬಿಸಿದ. ಒಂದು ಪುಸ್ತಕಕ್ಕೆ ಸರದಿಯಲ್ಲಿ ಏಳನೆಯವನಾಗಿ, ಗುರುತಿಲ್ಲದ ಆ ಆರನೆಯವರ ಮೇಲೆ ಹೊಟ್ಟೆಕಿಚ್ಚು ಪಟ್ಟ. ನಿಧಾನವಾಗಿ ಕೇಳುವ ಪ್ರಾಣಿ, ಮಲಗಿಬಿಟ್ಟಿರಬೇಕು ಎಂದು ಬೈದುಕೊಂಡ. ಸಂಗೀತ ಎಂದರೆ ಅವನಿಗೆ ಅದುವರೆಗೆ ಅಂಗಡಿಯಲ್ಲಿ ಸಾಮಾನು ಕಟ್ಟುವಾಗ ಹಿಂದೆ ಬಡಿದುಕೊಳ್ಳುವ ಸದ್ದು. ಈಗ ಕೊಳಲು ತಂದ, ನಗಾರಿ ತಂದ, ಮೂವರು ಹೆಂಗಸರು ಒಂದೇ ಉಸಿರನ್ನು ಹಂಚಿಕೊಂಡು ಹಾಡುವುದನ್ನು ತಂದ, ಕೊನೆಗೆ ಆ ಆಳೆತ್ತರದ ಪಿಟೀಲನ್ನು ತಂದ. ಅದನ್ನು ಕುರ್ಚಿಯಲ್ಲಿ ಕೂತು ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾರೆ, ಹೆಸರು ಚೆಲ್ಲೋ ಎಂದು ಮೇಡಂ ಹೇಳಿದರು. ಚೆಲ್ಲುವುದೇ ಸರಿ, ಇಷ್ಟು ದಿನ ಯಾರು ಕಟ್ಟಿಟ್ಟಿದ್ದರು ಇದನ್ನು ಎಂದುಕೊಂಡ. ಇದರಲ್ಲಿ ಓದಲಿಕ್ಕೆ ಮಾತೇ ಇಲ್ಲ, ಬರೀ ಕೊಕ್ಕೆ ಚುಕ್ಕೆ ಬಾಗಿಲು, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಮತ್ತೆ ಹೊರಡಬೇಕು ಎಂಬುದಷ್ಟೇ, ಅಂದರೆ ಇದು ನಮ್ಮ ಕಸುಬೇ! ರಸ್ತೆ ದಾಟುವಾಗ ಕುಣಿದ ಎಂದರೆ ಉತ್ಪ್ರೇಕ್ಷೆ. ಬಿಳಿ ಪಟ್ಟೆಗಳನ್ನು ಮಾತ್ರ ತುಳಿಯುತ್ತ ದಾಟಿದ, ಅದೂ ತಾಳಕ್ಕೆ.

ಅವನ ದನಿ ಮೊದಲು ಹೀಗೆ ಚಪ್ಪಟೆಯಾಗಿರಲಿಲ್ಲ. ಶಾಲೆಯಲ್ಲಿ ಹೆಡ್‌ಮಾಸ್ತರರ ಹಾಗೆ ಕೆಮ್ಮುತ್ತಿದ್ದ, ಗಣಿತದ ಟೀಚರ ಹಾಗೆ ಸೀನುತ್ತಿದ್ದ, ಒಮ್ಮೆ ಕಿಟಕಿಯ ಹೊರಗಿನಿಂದ ಹೆಡ್‌ಮಾಸ್ತರರ ದನಿಯಲ್ಲಿ ಒಂದು ಕ್ಲಾಸನ್ನೇ ಮನೆಗೆ ಕಳಿಸಿದ್ದ. ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿ ಕೂತು, ಇವತ್ತು ಯಾರದು ತೋರಿಸೋ ಎಂದು ಕೇಳುತ್ತಿದ್ದಳು. ಪ್ರೆಸ್ಸು ಸೇರಿದ ಮೊದಲ ವಾರವೇ, ಏರಿಳಿತ ಬೇಡ, ಕಣ್ಣಿಗೆ ತೊಂದರೆ ಆಗ್ತದೆ, ಇಸ್ತ್ರಿ ಹೊಡೆದ ಹಾಗೆ ಓದು ಎಂದಿದ್ದರು. ಇಸ್ತ್ರಿ ಹೊಡೆಯುತ್ತ ಹೊಡೆಯುತ್ತ ಅದು ದನಿಗೇ ಅಂಟಿತು. ಅಪ್ಪ ತೀರಿಕೊಂಡ ಮೇಲೆ ನಾಲ್ಕು ಜನ ಸೇರಿದ ಸಭೆಯಲ್ಲಿ ಭಾವ ಬರೆದುಕೊಟ್ಟ ನುಡಿಗಳನ್ನು ಓದಲು ಎದ್ದು ನಿಂತವನು, ನಮ್ಮ ತಂದೆಯವರು ಸರಳರು ಕೊಕ್ಕೆ ಸಜ್ಜನರು ಕೊಕ್ಕೆ ಮಿತಭಾಷಿಗಳು ಚುಕ್ಕೆ ಎಂದು ಓದಿಬಿಟ್ಟಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಿಂದ ನಕ್ಕರು. ಭಾವ ನೆಲ ನೋಡಿದ. ಅಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆ ವಾರದಲ್ಲಿ ಮೊದಲ ಸಲ. ಅದು ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಪ್ಪನಿಗೆ ಹೇಳಬೇಕಾದ ಕೊನೆಯ ಮಾತಿಗೂ ಪ್ರೂಫ್ ನೋಡಿಬಿಟ್ಟೆನಲ್ಲ ಎಂದು ವರ್ಷಗಟ್ಟಲೆ ಹಲ್ಲುಜ್ಜುವಾಗ ನೆನಪಾಗಿ ಕನ್ನಡಿಯಿಂದ ಮುಖ ತಿರುಗಿಸುತ್ತಿದ್ದ.

ಹೆಂಡತಿಗೆ ಅನುಮಾನ ಬಂದದ್ದು ಎರಡನೆಯ ವಾರ. ಬಚ್ಚಲಿನಲ್ಲಿ ಯಾರ ಜೊತೆಯೋ ನಗುತ್ತಾನೆ, ತರಕಾರಿ ಹೆಚ್ಚುತ್ತ ಹೆಚ್ಚುತ್ತ ಅಯ್ಯೋ ಪಾಪ ಎನ್ನುತ್ತಾನೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವಾಗ ಕೊನೆಗೆ ಚುಕ್ಕೆ ಎನ್ನುವುದನ್ನೂ ಬಿಟ್ಟಿದ್ದಾನೆ. ಒಂದು ಬೆಳಿಗ್ಗೆ ನೇರವಾಗಿ, ಯಾರವಳು ಎಂದು ಕೇಳಿದಳು. ಅವನು ಒಂದು ಇಯರ್‌ಫೋನು ಬಿಚ್ಚಿ ಅವಳ ಕಿವಿಗೆ ಇಟ್ಟ. ಗಡಿಯಾರದವಳು ಆಗ ಗಿರಾಕಿಯೊಬ್ಬನಿಗೆ ಬೈಯುತ್ತಿದ್ದಳು. ಹೆಂಡತಿ ಐದು ನಿಮಿಷ ಕೇಳಿ, ಇವಳ ಬಾಯಿ ನೋಡಿದರೆ ನಿಮಗೆ ಇವಳೇ ಸರಿ ಎಂದು ಇನ್ನೊಂದು ಕಿವಿಯದನ್ನೂ ಕಿತ್ತುಕೊಂಡು ಹೋದಳು. ಅವತ್ತು ಅವನು ಖಾಲಿ ಕಿವಿಯಲ್ಲಿ ಕೆಲಸಕ್ಕೆ ಬಂದ.

ಈ ಬೆಳಿಗ್ಗೆಯ ಫಾರಮ್ಮು ಒಂದು ಗೋಡೆಯ ವ್ಯಾಜ್ಯ. ಅಣ್ಣತಮ್ಮಂದಿರ ಎರಡು ಮನೆ, ನಡುವೆ ಒಂದು ಗೋಡೆ, ಆ ಗೋಡೆಯಲ್ಲಿ ತಮ್ಮ ಒಂದು ಕಿಟಕಿ ಇಡಿಸಿದ್ದಾನೆ. ಮೊದಲ ಪ್ಯಾರಾವನ್ನು ಅವನು ಇಸ್ತ್ರಿಯಲ್ಲೇ ಶುರು ಮಾಡಿದ. ಎರಡನೆಯದರಲ್ಲಿ ಅಣ್ಣನ ಹೇಳಿಕೆ ಬಂತು, ಆ ಕಿಟಕಿಯಿಂದ ನನ್ನ ಊಟದ ತಟ್ಟೆ ಕಾಣುತ್ತದೆ ಎಂದು. ಎಲ್ಲಿಂದಲೋ ಮೇಸ್ತ್ರಿಯ ದನಿ ನುಗ್ಗಿತು. ಕೆಳಗೆ ಮೆಷಿನ್ನು ನೋಡಿಕೊಳ್ಳುವ ಮೇಸ್ತ್ರಿ ಪ್ರತಿ ಮಾತನ್ನೂ ಮೂಗಿನಲ್ಲಿ ಒಂದು ಸುತ್ತು ಸುತ್ತಿಸಿ ಬಿಡುವವನು. ತಟ್ಟೆ ಕಾಣುತ್ತದೆ ಎಂಬುದು ಆ ಮೂಗಿನಿಂದ ಬಂದಾಗ ಎಂಥ ಘನವಾದ ಅನ್ಯಾಯವಾಗಿ ಕೇಳಿತು! ತಮ್ಮನಿಗೆ ಭಾವನ ದನಿ ಹೊಂದಿತು, ಎಲ್ಲ ವಾಕ್ಯದ ಬಾಲವನ್ನೂ ಎಳೆದು ಎಳೆದು ತನ್ನದೇನೂ ತಪ್ಪಿಲ್ಲ ಎನ್ನುವ ದನಿ. ನ್ಯಾಯಾಧೀಶರು ಗಡಿಯಾರದ ಕಥೆ ಓದಿದ ಮುದುಕಿಯ ಹಾಗೆ, ಮರಳುಮರಳಾಗಿ, ಉಸಿರು ತೆಗೆದುಕೊಂಡು. ಕೊಕ್ಕೆಗಳು ಬಂದವು, ಉಸಿರಾಗಿ ಹೋದವು. ಕಿಟಕಿ ಇಡುವ ದಿನ ಅಣ್ಣನೇ ಏಣಿ ಹಿಡಿದಿದ್ದ ಎಂಬಲ್ಲಿ ಅವನು ತಮ್ಮನಾಗಿ ದನಿಯನ್ನು ಪಿಸುಮಾತಿನವರೆಗೆ ಇಳಿಸಿದ. ತಲೆ ಎತ್ತಿ ನೋಡಿದ್ದರೆ ಎದುರಿಗೆ ಏನಿದೆ ಎಂದು ತಿಳಿಯುತ್ತಿತ್ತು, ಆದರೆ ಹಾಡುವವನು ಎದುರಿನವರನ್ನು ಎಲ್ಲಿ ನೋಡುತ್ತಾನೆ. ಮುಗಿದಾಗ ಕಣ್ಣಕ್ಕ ಏನೂ ಹೇಳದೆ ಸಹಿ ಹಾಕಿದಳು, ಹಾಳೆ ಕೆಳಗೆ ಹೋಯಿತು.

ಲೋಟ ಇಟ್ಟು ಮೆಟ್ಟಿಲಿಳಿದ. ಯೋಚನೆ ಇಷ್ಟೇ, ಕಣ್ಣಕ್ಕನಿಗೆ ಗೊತ್ತಾಗುವ ಮುಂಚೆ ತಪ್ಪು ನನ್ನದು ಎಂದು ಹೇಳಿ ಮೆಷಿನ್ನು ನಿಲ್ಲಿಸಬೇಕು, ಅವಳ ಕೊನೆಯ ಪುಟ ಖಾಲಿಯೇ ಉಳಿಯಬೇಕು. ಕೆಳಗೆ ಎಣ್ಣೆ, ಮಸಿ, ಬಿಸಿ ಕಾಗದದ ವಾಸನೆ. ಮೇಸ್ತ್ರಿ ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳುತ್ತಿದ್ದ. ಅವನು ಬಾಯಿ ತೆರೆದ. ಬೆಳಿಗ್ಗೆಯಿಂದ ಅಣ್ಣನಾಗಿ ಪಳಗಿದ ಬಾಯಿ, ಗಾಬರಿಯಲ್ಲಿ ಅದೇ ದಾರಿ ಹಿಡಿಯಿತು. ಫಾರಮ್ಮಿನಲ್ಲಿ ತಪ್ಪಿದೆ, ನಿಲ್ಲಿಸಬೇಕು ಎಂಬ ಮಾತು ಮೇಸ್ತ್ರಿಯ ಮೂಗಿನಲ್ಲೇ ಒಂದು ಸುತ್ತು ಹಾಕಿ ಮೇಸ್ತ್ರಿಯ ಎದುರಿಗೇ ಹೊರಬಂತು.

ಮೇಸ್ತ್ರಿ ಕೈ ಒರೆಸುವುದನ್ನು ನಿಲ್ಲಿಸಿದ. "ಯಾರನ್ನ ಅಣಕಿಸ್ತಿದೀಯಪ್ಪಾ?"

ಇಲ್ಲ ಇಲ್ಲ ಎಂದು ಗಂಟಲು ಸರಿಮಾಡಿಕೊಂಡ, ಮತ್ತೆ ಹೇಳಿದ. ಈ ಸಲ ಭಾವನ ದನಿ ಬಂತು. ಕಿವಿಯ ತುದಿಯವರೆಗೆ ಬಿಸಿಯೇರಿತು, ಆದರೆ ಅದರ ಅಡಿಯಲ್ಲೇ, ಎಂಥ ಹೊತ್ತಿನಲ್ಲಿ, ಒಂದು ನಗು ಬುಳುಬುಳು ಏಳುತ್ತಿತ್ತು. ಮೇಸ್ತ್ರಿಗೆ ವಿಷಯ ತಲೆಗೆ ಹೋದದ್ದು ಮೂರನೆಯ ಸಲಕ್ಕೆ. ಗುಂಡಿ ಒತ್ತಿದ. ಮೆಷಿನ್ನು ಎರಡು ಸಲ ನಿಟ್ಟುಸಿರುಬಿಟ್ಟು ನಿಂತಿತು. ಇನ್ನೂರು ಹಾಳೆ ಅಚ್ಚಾಗಿಹೋಗಿದೆ, ಅವನ್ನು ಎಸೆಯುವಂತಿಲ್ಲ, ಚೀಟಿ ಅಂಟಿಸಲೇಬೇಕು ಎಂದ. ತಪ್ಪು ನನ್ನದೇ, ನಾನೇ ಸರಿಯಾಗಿ ಓದಲಿಲ್ಲ, ಚೀಟಿಯಲ್ಲಿ ನನ್ನ ಹೆಸರು ಹಾಕಿ ಎಂದು ಅವನು ಬೇಡಿಕೊಂಡ.

"ಬಾಯಿಗೆ ಯಾವ ಕಾಲದಲ್ಲಿ ತಪ್ಪು ಬಂತು?" ಮೇಸ್ತ್ರಿ ಹಾಳೆಯ ಮೂಲೆಯ ಸಹಿಯ ಮೇಲೆ ಬೆರಳಿಟ್ಟ. "ನೀನು ಇಡೀ ದಿನ ಕಾಗೆ ಹಾಗೆ ಕೂಗು, ನೋಡಬೇಕಾದ್ದು ಅವರು. ಹೋಗು, ಅಕ್ಕನ್ನ ಕರ್ಕೊಂಡು ಬಾ."

ಹತ್ತೊಂಬತ್ತು ವರ್ಷದಲ್ಲಿ ತನ್ನ ಹೆಸರಿನಲ್ಲಿ ಒಂದು ತಪ್ಪೂ ಇಲ್ಲ ಎಂಬುದು ಅವನಿಗೆ ಆಗ ಮೊದಲ ಸಲ ಅವಮಾನದ ಹಾಗೆ ಕೇಳಿಸಿತು. ಕಾಗೆ ಎಂದದ್ದಕ್ಕೂ ಅಷ್ಟು ಬೇಜಾರಾಗಿರಲಿಲ್ಲ. ಮೆಟ್ಟಿಲು ಹತ್ತುವಾಗ ಹೇಳಬೇಕಾದ್ದನ್ನು ಜೋಡಿಸಿಕೊಂಡ, ಅಕ್ಕಾ ನನ್ನದು ತಪ್ಪಾಯಿತು, ನನಗೆ ಲೈಬ್ರರಿಯಿಂದ ಹುಚ್ಚು ಹಿಡಿದಿದೆ, ಹೀಗೆ ಏನೇನೋ. ಮೇಲೆ ಕಣ್ಣಕ್ಕ ಮೇಜಿನ ಎದುರು ಒಬ್ಬಳೇ ಕೂತಿದ್ದಳು. ಎಡಗೈ ಮೂಲಪ್ರತಿಯ ಮೇಲೆ, ಬಲಗೈ ಅಚ್ಚಿನ ಹಾಳೆಯ ಇನ್ನೊಂದು ಪ್ರತಿಯ ಮೇಲೆ, ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಅವಳಾಗಲೇ ನೋಡಿ ಮುಗಿಸಿದ್ದಳು.

"ಸಣ್ಣ ತಪ್ಪು ಇಪ್ಪತ್ತು, ಅದಿರಲಿ, ಒಂದು ಸಾಲೇ ಹಾರಿಹೋಗಿದೆ," ಎಂದಳು ತಲೆಯೆತ್ತದೆ. "ಏಣಿ ಹಿಡಿದ ಸಾಲು. ಅಚ್ಚಲ್ಲಿ ಇಲ್ವೇ ಇಲ್ಲ."

ಅವನು ಜೋಡಿಸಿಕೊಂಡದ್ದೆಲ್ಲ ಒಟ್ಟಿಗೆ ಉದುರಿತು. ಲೈಬ್ರರಿ, ಮೇಡಂ, ಬೀರುವಿನೊಳಗಿನ ಕಳ್ಳ, ಗಡಿಯಾರದವಳು, ಚೆಲ್ಲೋ, ಬಸ್ಸಿನ ಕಂಡಕ್ಟರು, ಹೆಂಡತಿ ಕಿತ್ತುಕೊಂಡ ಇಯರ್‌ಫೋನು, ಒಂದರ ಮೇಲೊಂದು, ಕ್ಷಮೆ ಕೇಳಲು ಬಂದವನು ಊರ ಸುದ್ದಿ ಹೇಳಿದಂತಾಯಿತು. ನಾನು ಕೊಕ್ಕೆ ಚುಕ್ಕೆ ಒಂದನ್ನೂ ಹೇಳಲಿಲ್ಲ ಅಕ್ಕಾ, ನನಗೆ ಗೊತ್ತೇ ಆಗಲಿಲ್ಲ ಎಂದು ಕೊನೆಗೆ ನಿಂತ.

"ನನಗೆ ಗೊತ್ತಾಯ್ತು," ಎಂದಳು ಕಣ್ಣಕ್ಕ.

"ಮತ್ತೆ ಕುಟ್ಟಲಿಲ್ಲ ಯಾಕೆ?"

"ಕುಟ್ಟಿದ್ರೆ ನಿಲ್ಲಿಸ್ತಿದ್ದೆ ನೀನು." ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಮೊದಲ ಪುಟದಲ್ಲೇ ಎರಡು ಸಲ ಕೈ ಎತ್ತಿದೆ. ಆಮೇಲೆ ಆ ತಮ್ಮ ಬಂದ. ಅಲ್ಲಿಂದ ನಾನು ಹಾಳೆ ನೋಡಲೇ ಇಲ್ಲ ಕಣೋ, ನಿನ್ನ ಮುಖ ನೋಡ್ತಾ ಕೂತುಬಿಟ್ಟೆ. ಮೂವತ್ತೊಂದು ವರ್ಷ ಎಷ್ಟು ಜನ ಮನೆ ಮಠ ಕಳ್ಕೊಂಡಿದ್ದಾರೋ ಈ ಮೇಜಿನ ಮೇಲೆ, ಒಬ್ಬರೂ ನನಗೆ ಸಿಕ್ಕಿರಲಿಲ್ಲ. ಬರೀ ಕೊಕ್ಕೆ ನೋಡಿದ್ದು."

ಕೆಳಗೆ ಮೆಷಿನ್ನಿನ ನಡುಕವಿಲ್ಲದ ನೆಲ ವಿಚಿತ್ರವಾಗಿ ಹಗುರಾಗಿತ್ತು, ಹಡಗೊಂದು ದಡ ಬಿಟ್ಟ ಹಾಗೆ. ಕಣ್ಣಕ್ಕ ಕನ್ನಡಕ ಹಾಕಿಕೊಂಡು, ಬಾ ಹೋಗೋಣ, ಅವನ ಮೂಗು ಕಾಯ್ತಿರುತ್ತೆ ಎಂದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ತಮಾಷೆ ಮಾಡಿದ್ದು ಅವನಿಗೆ ನೆನಪಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಇಬ್ಬರಿಗೂ ನಗು ಬಂದು ಕಟಾಂಜನ ಹಿಡಿದು ನಿಲ್ಲಬೇಕಾಯಿತು. ಶಾಲೆಯಿಂದ ಹೊರಗೆ ಹಾಕಿಸಿಕೊಂಡವರ ಹಾಗೆ ಮುಖ ಸರಿಮಾಡಿಕೊಂಡು ಕೆಳಗಿಳಿದರು.

ಮೇಸ್ತ್ರಿ ಗುಲಾಬಿ ಚೀಟಿಯನ್ನು ಸಿದ್ಧಮಾಡಿ ಇಟ್ಟಿದ್ದ. ಇಷ್ಟು ವರ್ಷ ಆದ ಮೇಲೆ ನಿಮ್ಮ ಕೈಯಲ್ಲಿ ಇದನ್ನ ಬರೆಸಬೇಕಾಯ್ತಲ್ಲ ಅಕ್ಕ ಎಂದು ನಿಜವಾಗಿ ನೊಂದುಕೊಂಡ, ನೋವು ಮೂಗಿನಲ್ಲಿ ಸುತ್ತಿದರೂ ನೋವೇ. ಕಣ್ಣಕ್ಕ ಸಣ್ಣ ತಪ್ಪುಗಳನ್ನೆಲ್ಲ ಮೊದಲು ಬರೆದಳು, ಆಮೇಲೆ ಏಣಿಯ ಸಾಲಿನ ಪುಟದ ಸಂಖ್ಯೆ ಬರೆದಳು, ಸಾಲಿನ ಸಂಖ್ಯೆ ಬರೆದಳು. ಬಿಟ್ಟುಹೋದ ಸಾಲನ್ನು ಬರೆಯುವಾಗ ಮಾತ್ರ ಪೆನ್ನು ನಿಂತಿತು. ಹೇಗಂದೆ ಅದನ್ನ, ಇನ್ನೊಂದು ಸಲ ಅನ್ನು, ತಪ್ಪಾಗಬಾರದು ನೋಡು ಎಂದಳು. ಮೂಲಪ್ರತಿ ಅವಳ ಕಂಕುಳಲ್ಲೇ ಇತ್ತು. ಅವನು ಹೇಳಿದ. ಗೋಡೆಗೆ ಕಿಟಕಿ ಇಡುವ ದಿನ ನನ್ನ ಅಣ್ಣನೇ ಏಣಿ ಹಿಡಿದಿದ್ದನು. ಭಾವನ ದನಿ ಬರಲಿಲ್ಲ, ಮುದುಕಿಯದೂ ಬರಲಿಲ್ಲ. ಬಂದದ್ದು ಯಾರದೆಂದು ಅವನಿಗೆ ಗುರುತು ಹತ್ತಲಿಲ್ಲ, ಸ್ವಲ್ಪ ಒಡಕು, ಸ್ವಲ್ಪ ಎತ್ತರ, ಬಟ್ಟೆ ಒಗೆಯುವ ಕಲ್ಲಿನ ಬಳಿ ಅಮ್ಮನ ಎದುರು ಎಂದೋ ಕೇಳಿದಂಥದ್ದು. ಕಾಗದ ಮಡಚುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿದರು. ಅವರಲ್ಲಿ ಒಬ್ಬಳು, ಆಮೇಲೆ ಕಿಟಕಿ ಮುಚ್ಚಿಸಿದ್ರಾ ಎಂದು ಕೇಳಿದಳು. ಮುಂದಿನ ಫಾರಮ್ಮಿನಲ್ಲಿ ಬರುತ್ತೆ ಎಂದು ಕಣ್ಣಕ್ಕ ಹೇಳಿ ಸಾಲನ್ನು ಬರೆದು ಮುಗಿಸಿದಳು, ಕೆಳಗೆ ಸಹಿ ಹಾಕಿದಳು. ಆಮೇಲೆ ಮೇಸ್ತ್ರಿಯ ಕೈಯಿಂದ ಅಳತೆಪಟ್ಟಿ ತೆಗೆದುಕೊಂಡು ತನ್ನ ಸಹಿಯ ಪಕ್ಕ ಇನ್ನೊಂದು ಗೆರೆ ಎಳೆದಳು.

"ಅಲ್ಲಿ ಯಾರಿಗೂ ಜಾಗ ಇಲ್ಲ ಅಕ್ಕ," ಎಂದ ಮೇಸ್ತ್ರಿ.

"ಈಗ ಆಯ್ತಲ್ಲ."

ಪೆನ್ನು ಅವನ ಕೈಗೆ ಬಂತು. ತನ್ನ ಸಹಿ ಹೇಗಿತ್ತೆಂದೇ ಒಂದು ಗಳಿಗೆ ನೆನಪಾಗಲಿಲ್ಲ. ಗೆರೆ ಸಣ್ಣದು, ಅವನ ಹೆಸರು ಉದ್ದ. ಗೆರೆಯನ್ನು ದಾಟಿ, ಚೀಟಿಯ ಅಂಚಿನವರೆಗೆ ಬರೆದ. ಬರೆದು ಮುಗಿಸಿ ತಲೆ ಎತ್ತಿದರೆ ಕಣ್ಣಕ್ಕ ಅದನ್ನು ಅಕ್ಷರ ಅಕ್ಷರವಾಗಿ ನೋಡುತ್ತಿದ್ದಳು. ಸರಿ ಇದೆ ಎಂದಳು, ಮತ್ತೆ ಮೆಲ್ಲಗೆ, ಆ ಲೈಬ್ರರಿ ಎಷ್ಟು ಗಂಟೆಗೆ ಬಾಗಿಲು ಹಾಕ್ತಾರೆ ಎಂದು ಕೇಳಿದಳು.